ಹಳೆ ಕಾರಿಗೊಂದು ವಹಿ: ಖರ್ಚು ಎಲ್ಲಿ, ಎಷ್ಟು, ಯಾವ ಕ್ರಮದಲ್ಲಿ

2018ರ ಏಪ್ರಿಲ್. ಹುಬ್ಬಳ್ಳಿಯಿಂದ ಗದಗಿಗೆ ಮದುವೆಗೆ ಹೊರಟಿದ್ದೆವು. ಅಣ್ಣಿಗೇರಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಬೇವಿನ ಮರ ಕಂಡಲ್ಲಿ ಗಾಡಿ ನಿಲ್ಲಿಸಿದೆ. ಬಾನೆಟ್ ಸಂದಿಯಿಂದ ಹಬೆ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಅವ್ವ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಅಕ್ಷತೆ ಹೊತ್ತಿಗೆ ನಾವು ಆ ಮರದ ಕೆಳಗೇ ಇದ್ದೆವು.

2008ರ ಪೆಟ್ರೋಲ್ ವ್ಯಾಗನ್‌ಆರ್ ಅದು. ಹತ್ತು ವರ್ಷ ಓಡಿದ ಮೇಲೆ ನನ್ನ ಕೈಗೆ ಬಂದು ಒಂದೇ ತಿಂಗಳಾಗಿತ್ತು. ಗದಗಿನ ಮಿಸ್ತ್ರಿ ಕಾಕಾ ರೇಡಿಯೇಟರ್ ಬಿಚ್ಚಿ ಒಳಗೆ ತೋರಿಸಿದರು. "ಇದರಾಗ ಕೂಲಂಟ್ ಹಾಕೇ ಇಲ್ರಿ ಸರ್. ಬೋರಿನ ನೀರ ಹಾಕ್ಕೋತ ಬಂದಾರ. ನೀರ ಕಾಸೂ ಪಾತ್ರಿ ತಳ ನೋಡೀರಿಲ್ಲೊ, ಹಂಗ ಆಗೇತಿ." ನಳಿಗೆಗಳ ತುಂಬ ಬಿಳಿ ಪೊರೆ ಕಟ್ಟಿತ್ತು. ಎಂಜಿನ್ ತಣ್ಣಗಿಡುವ ದ್ರವವೇ ಕೂಲಂಟ್. ಮುನ್ನೂರು ನಾನೂರು ರೂಪಾಯಿಯ ಅದನ್ನು ಉಳಿಸಲು ಹೋದದ್ದಕ್ಕೆ ಹೊಸ ರೇಡಿಯೇಟರ್, ಹೋಸ್ ಪೈಪು, ಕೂಲಿ ಸೇರಿ ಆರು ಸಾವಿರ ಬಿತ್ತು. ಎಂಜಿನ್ನಿನ ಮೇಲ್ಭಾಗದ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗದೆ ಉಳಿದದ್ದು ನಮ್ಮ ಪುಣ್ಯ.

ಮನೆಗೆ ಬಂದ ರಾತ್ರಿ ಇನ್ನೂರು ಪುಟದ ಒಂದು ವಹಿ ತೆಗೆದು ಆ ಖರ್ಚನ್ನು ಬರೆದೆ. ಅವತ್ತಿನಿಂದ ಆ ಗಾಡಿಗೆ ಹಾಕಿದ ಪ್ರತಿ ರೂಪಾಯಿಯೂ ಆ ವಹಿಯಲ್ಲಿದೆ. ಇಲ್ಲಿ ಹೇಳುವುದೆಲ್ಲ ಅದರಿಂದ ಕಲಿತದ್ದು. ಹಳೆ ಕಾರು ದುಡ್ಡು ಕೇಳಿಯೇ ಕೇಳುತ್ತದೆ. ಅದು ಕೇಳುವ ಮೊದಲೇ, ಸರಿಯಾದ ಕ್ರಮದಲ್ಲಿ, ಸ್ವಲ್ಪ ಸ್ವಲ್ಪ ಕೊಟ್ಟರೆ ಬಹಳ ಕಡಿಮೆಯಲ್ಲಿ ಮುಗಿಯುತ್ತದೆ.

ಮೊದಲು ಕಾಗದ ಪತ್ರ

ಎಂಜಿನ್ ನೋಡುವ ಮೊದಲು ಆರ್‌ಸಿ ನೋಡಿ. ಅದರಲ್ಲಿರುವ ಚಾಸಿ ನಂಬರು ಗಾಡಿಯ ಮೇಲೆ ಕೊರೆದದ್ದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಹಿಂದಿನವರ ಸಾಲ ತೀರಿದ್ದರೂ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಹಾಗೇ ಉಳಿದಿರುತ್ತದೆ. ಫಾರಂ 35 ಕೊಡಿಸಿ ಅದನ್ನು ತೆಗೆಸಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು ಅಂತ ಕಾನೂನು ಇದೆ. "ಮುಂದಿನ ತಿಂಗಳು ಮಾಡಿದರಾಯಿತು" ಅಂತ ಬಿಡಬೇಡಿ. ಹಳೆ ದಂಡಗಳು ಬಾಕಿ ಇವೆಯಾ ಅಂತ ಆನ್‌ಲೈನ್‌ನಲ್ಲಿ ನೋಡಿಕೊಂಡೇ ದುಡ್ಡು ಕೊಡಿ.

ನಮ್ಮ ಕಡೆ ಬಹಳ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 15 ವರ್ಷ ಆದ ಕಾರನ್ನು ಗುಜರಿಗೆ ಹಾಕಲೇಬೇಕು ಅಂತ. ದೆಹಲಿ ಸುತ್ತಮುತ್ತಲಿನ ನಿಯಮದ ಸುದ್ದಿ ಕೇಳಿ ಹುಟ್ಟಿದ ಹೆದರಿಕೆ ಇದು. ಕೆಎ-25, 26, 27, 63 ಯಾವುದೇ ಇರಲಿ, ಸ್ವಂತ ಬಳಕೆಯ ಕಾರಿನ ಆರ್‌ಸಿಯನ್ನು 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಬಹುದು. ಫಾರಂ 25 ಅರ್ಜಿ, ಗಾಡಿಯ ತಪಾಸಣೆ, ಶುಲ್ಕ. ಮೊದಲು 600 ರೂಪಾಯಿ ಇದ್ದ ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಿದರು. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ತಡವಾದರೆ ಪ್ರತಿ ತಿಂಗಳಿಗೆ ಹೆಚ್ಚುವರಿ ದಂಡ ಬೀಳುತ್ತದೆ. ನನ್ನ ಗಾಡಿಗೆ 2023ರಲ್ಲಿ ಹದಿನೈದು ತುಂಬಿತು. ಆ 5,000ವನ್ನು ನಾನು ಒಂದು ವರ್ಷ ಮೊದಲೇ ವಹಿಯಲ್ಲಿ ಬರೆದಿಟ್ಟಿದ್ದೆ. ಹಾಗಾಗಿ ಅದು ಭಾರ ಅನ್ನಿಸಲಿಲ್ಲ.

ಇನ್ಶೂರೆನ್ಸ್ ವಿಷಯದಲ್ಲಿ ಒಂದು ಮಾತು. ಥರ್ಡ್ ಪಾರ್ಟಿ ಕಂತು ಎಂಜಿನ್ ಸಿಸಿ ಮೇಲೆ ನಿಂತಿದೆ. 2022ರ ಜೂನ್‌ನ ದರದಂತೆ 1000 ಸಿಸಿವರೆಗೆ 2,094 ರೂಪಾಯಿ, ಅದಕ್ಕಿಂತ ಹೆಚ್ಚಿಗೆ 1500ರವರೆಗೆ 3,416. ಮೇಲೆ ಜಿಎಸ್‌ಟಿ. ನಂದು 1061 ಸಿಸಿ. ಬರೀ 61 ಸಿಸಿಗೆ ನಾನು ವರ್ಷಾ ಸಾವಿರದ ಮುನ್ನೂರು ಜಾಸ್ತಿ ಕಟ್ಟುತ್ತೇನೆ. ಹಳೆ ಕಾರು ಹುಡುಕುತ್ತಿರುವವರು ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿಎಸ್ 4 ಅನ್ನುವ ಹೊಗೆ ಮಾನದಂಡಕ್ಕಿಂತ ಹಳೆಯ ಗಾಡಿಗೆ ಹೊಗೆ ತಪಾಸಣೆ ಆರು ತಿಂಗಳಿಗೊಮ್ಮೆ ಮಾಡಿಸಬೇಕು ಅನ್ನುವುದೂ ನೆನಪಿರಲಿ.

ಮನೆಗೆ ತಂದ ಮೊದಲ ವಾರ

ಹಿಂದಿನವರು "ಎಲ್ಲಾ ಸರ್ವಿಸ್ ಆಗೇದ" ಅಂತ ಹೇಳಿಯೇ ಹೇಳುತ್ತಾರೆ. ಬಿಲ್ಲು ಇಲ್ಲದಿದ್ದರೆ ಆಗಿಲ್ಲ ಅಂತಲೇ ತಿಳಿಯಿರಿ. ಕಾರಿನ ಬೆಲೆಯ ಜೊತೆಗೆ ಹದಿನೈದು ಸಾವಿರ ರೂಪಾಯಿ ಬೇರೆ ಇಟ್ಟುಕೊಂಡೇ ಕೊಳ್ಳಲು ಹೋಗಿ. ಆ ದುಡ್ಡಿನಲ್ಲಿ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಪ್ಲಗ್, ಗೇರ್ ಆಯಿಲ್, ಬ್ರೇಕ್ ಆಯಿಲ್, ಕೂಲಂಟ್ ಎಲ್ಲವನ್ನೂ ಹೊಸದಾಗಿ ಹಾಕಿಸಿ. ಆಗ ನಿಮ್ಮ ವಹಿಯ ಮೊದಲ ಪುಟ ಸೊನ್ನೆಯಿಂದ ಶುರುವಾಗುತ್ತದೆ.

ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಇದ್ದರೆ ಅದು ಎಲ್ಲಕ್ಕಿಂತ ಮುಖ್ಯ. ಕೆಲವು ಎಂಜಿನ್‌ಗಳಿಗೆ ಬೆಲ್ಟ್, ಕೆಲವಕ್ಕೆ ಚೈನ್. ಹಳೆ 800, ಆಲ್ಟೊ, ಹಳೆ ಸ್ಯಾಂಟ್ರೊ, ನನ್ನಂಥ ಹಳೆ ವ್ಯಾಗನ್‌ಆರ್ ಇವಕ್ಕೆಲ್ಲ ಬೆಲ್ಟ್. ಅದು ರಬ್ಬರು. ಕಿಲೋಮೀಟರ್ ಕಡಿಮೆ ಓಡಿದ್ದರೂ ವರ್ಷ ಆದಂತೆ ಸೀಳುತ್ತದೆ. ಹರಿಯುವ ಮೊದಲು ಯಾವ ಸದ್ದನ್ನೂ ಮಾಡುವುದಿಲ್ಲ. ಹರಿದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಕೆಲವು ಎಂಜಿನ್‌ಗಳಲ್ಲಿ ವಾಲ್ವ್‌ಗಳೂ ಬಾಗುತ್ತವೆ. ಯಾವಾಗ ಹಾಕಿದ್ದು ಅಂತ ಗೊತ್ತಿಲ್ಲದಿದ್ದರೆ ಅದನ್ನು ಬಿಗಿ ಹಿಡಿಯುವ ಟೆನ್ಶನರ್ ಸಮೇತ ಬದಲಿಸಿಬಿಡಿ. ನನಗೆ ಎರಡೂವರೆ ಸಾವಿರ ಬಿತ್ತು.

ನೀರು, ಬಿಸಿಲು, ರೇಡಿಯೇಟರ್

ನಮ್ಮ ಸೀಮೆಯಲ್ಲಿ ಹಳೆ ಎಂಜಿನ್ ಕೆಡಿಸುವುದರಲ್ಲಿ ಬೋರ್‌ವೆಲ್ ನೀರಿಗೆ ಮೊದಲ ಜಾಗ ಕೊಡಬೇಕು. ಗದಗ, ನವಲಗುಂದ, ಅಣ್ಣಿಗೇರಿ ಕಡೆಯ ನೀರು ಎಷ್ಟು ಗಡಸು ಅಂತ ಅಲ್ಲಿನವರಿಗೆ ಹೇಳಬೇಕಿಲ್ಲ. ಸೋಪು ನೊರೆ ಬರುವುದಿಲ್ಲ, ಬಕೆಟ್ಟಿಗೆ ಬಿಳಿ ಕಲೆ. ಅದೇ ನೀರು ರೇಡಿಯೇಟರಿನಲ್ಲಿ ದಿನಾ ಕಾದು ಕಾದು ಸುಣ್ಣದ ಪೊರೆ ಕಟ್ಟುತ್ತದೆ. ಜೊತೆಗೆ ತುಕ್ಕು. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಬೆರೆಸಿ ಹಾಕಿ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಕ್ಯಾನು ಸಿಗುತ್ತದೆ. ಡಿಕ್ಕಿಯಲ್ಲಿ ಒಂದು ಇರಲಿ. ಹೊಲದ ನಡುವೆ ಸಿಕ್ಕಿಬಿದ್ದು ಬೋರ್ ನೀರು ಹಾಕಲೇಬೇಕಾಯಿತು ಅಂದರೆ ಹಾಕಿ, ಆದರೆ ಅದೇ ವಾರ ಪೂರ್ತಿ ತೆಗೆಸಿ ತೊಳೆಸಿ.

ರೇಡಿಯೇಟರ್ ಮುಚ್ಚಳ ಇನ್ನೂರು ಮುನ್ನೂರು ರೂಪಾಯಿಯ ಸಾಮಾನು. ಆದರೆ ಅದು ಕುಕ್ಕರಿನ ಸೀಟಿ ಇದ್ದ ಹಾಗೆ. ಒಳಗೆ ಒತ್ತಡ ಹಿಡಿದಿಟ್ಟರೆ ನೀರು ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಅದರ ರಬ್ಬರು ಸಡಿಲಾದರೆ ಕೂಲಂಟ್ ಸುಮ್ನೆ ಹೊರಗೆ ಹೋಗುತ್ತಿರುತ್ತದೆ, ಎಲ್ಲೂ ಸೋರಿದ್ದು ಕಾಣುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಗಾಡಿ ಬಿಸಿಯಾಗುತ್ತದೆ ಅಂದರೆ ಕೆಲವು ಗ್ಯಾರೇಜಿನವರು ಥರ್ಮೋಸ್ಟ್ಯಾಟ್ ಕಿತ್ತು ಹಾಕುತ್ತಾರೆ. "ನಮ್ಮ ಕಡೆ ಬಿಸಿಲಿಗೆ ಇದು ಬೇಕಾಗೂದಿಲ್ರಿ" ಅನ್ನುತ್ತಾರೆ. ಒಪ್ಪಬೇಡಿ. ಎಂಜಿನ್ ಒಂದು ಹದಕ್ಕೆ ಬಿಸಿಯಾಗುವ ತನಕ ಕೂಲಂಟನ್ನು ಒಳಗೇ ತಡೆದು, ಸುಮಾರು 82–88 ಡಿಗ್ರಿಗೆ ದಾರಿ ಬಿಡುವುದು ಅದರ ಕೆಲಸ. ಅದಿಲ್ಲದೆ ಓಡಿದ ಎಂಜಿನ್ ತಣ್ಣಗೇ ಇರುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ. ಗಾಡಿ ಬಿಸಿಯಾಗುತ್ತಿದ್ದರೆ ಅದಕ್ಕೆ ಬೇರೆ ಕಾರಣ ಇರುತ್ತದೆ. ಫ್ಯಾನ್ ತಿರುಗುತ್ತಿದೆಯಾ, ವಾಟರ್ ಪಂಪ್ ಸೋರುತ್ತಿದೆಯಾ, ರೇಡಿಯೇಟರ್ ಕಟ್ಟಿದೆಯಾ ಅಂತ ಹುಡುಕಿಸಿ.

ದಾರಿಯಲ್ಲಿ ಮುಳ್ಳು ಏರಿದರೆ ಎಸಿ ಬಂದ್ ಮಾಡಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಅದರ ಫ್ಯಾನನ್ನೂ ಜೋರು ಮಾಡಿ. ಒಳಗೆ ಬೆವರಿಳಿಯುತ್ತದೆ, ಆದರೆ ಎಂಜಿನ್ನಿನ ಬಿಸಿ ಸ್ವಲ್ಪ ಆ ದಾರಿಯಲ್ಲಿ ಹೊರಗೆ ಬರುತ್ತದೆ. ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕನಿಷ್ಠ ಅರ್ಧ ತಾಸು ಕಾಯಿರಿ. ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಹಬೆ ಮುಖಕ್ಕೇ ಬಡಿಯುತ್ತದೆ. ಕಾದ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಬ್ರೇಕು, ಟೈರು, ಎರೆ ಮಣ್ಣಿನ ರಸ್ತೆ

ಗಾಡಿ ಓಡುವುದಕ್ಕಿಂತ ನಿಲ್ಲುವುದು ಮುಖ್ಯ. ದುಡ್ಡು ಕಡಿಮೆ ಇದ್ದಾಗ ಬಣ್ಣ, ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್ ಎಲ್ಲ ಹಿಂದೆ ಸರಿಯಲಿ. ಬ್ರೇಕ್ ಪ್ಯಾಡು, ಹಿಂದಿನ ಶೂ, ವೀಲ್ ಸಿಲಿಂಡರ್ ಮುಂದೆ ಬರಲಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹಳೆಯದಾದ ಆಯಿಲ್ ಅರಬೈಲ್ ಘಟ್ಟದಂಥ ಇಳಿಜಾರಿನಲ್ಲಿ ಕಾದು ಕುದಿದರೆ ಪೆಡಲ್ ಮೆತ್ತಗಾಗಿ ತಳ ಸೇರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಘಟ್ಟ ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ.

ಟೈರು ಕೊಳ್ಳುವವರೆಲ್ಲ ಹಲ್ಲು ಎಷ್ಟಿದೆ ಅಂತ ನೋಡುತ್ತಾರೆ. ವಯಸ್ಸು ಎಷ್ಟು ಅಂತ ನೋಡುವವರು ಕಡಿಮೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರ ಮಾಡಿದ ಟೈರು. ಕಡಿಮೆ ಓಡಿದ ಹಳೆ ಕಾರುಗಳಲ್ಲಿ ಹಲ್ಲು ಚೆನ್ನಾಗಿರುತ್ತದೆ, ಬದಿಗೆ ಸಣ್ಣ ಸಣ್ಣ ಸೀಳು ಬಿಟ್ಟಿರುತ್ತದೆ. ಬೇಸಿಗೆಯಲ್ಲಿ ಹೈವೇ ಮೇಲೆ ಒಡೆಯುವುದು ಇಂಥವೇ. ಆರು ವರ್ಷ ದಾಟಿದ್ದರೆ ಬದಲಿಸಿ. ಸ್ಟೆಪ್ನಿಯ ವಯಸ್ಸನ್ನೂ ನೋಡಿ.

ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅದರ ಮೇಲೆ ಹಾಕಿದ ಡಾಂಬರು ಅಲೆ ಅಲೆಯಾಗುತ್ತದೆ, ಅಂಚು ಕುಸಿಯುತ್ತದೆ. ಹಾಗಾಗಿ ನಮ್ಮಲ್ಲಿ ಸಸ್ಪೆನ್ಶನ್ ಸಾಮಾನುಗಳಾದ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಬೇಗ ಹೋಗುತ್ತವೆ. ತಗ್ಗಿಗೆ ಇಳಿದಾಗ ಟಕ್ ಅಂತ ಸದ್ದು ಬಂದರೆ ಮುಂದೂಡಬೇಡಿ. ಸಡಿಲಾದ ಒಂದು ಬುಷ್ ಹೊಸ ಟೈರನ್ನು ಒಂದು ಬದಿ ತಿಂದು ಹಾಕುತ್ತದೆ. ಎಂಟುನೂರರ ಕೆಲಸ ನಾಲ್ಕು ಸಾವಿರಕ್ಕೆ ಹೋಗುತ್ತದೆ.

ಧಾರವಾಡದ ಮಳೆಗಾಲದಲ್ಲಿ ತುಕ್ಕಿನ ಮೇಲೆ ಕಣ್ಣಿಡಿ. ಬಾಗಿಲ ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಮಣ್ಣು, ಎಲೆ ತುಂಬಿ ಅವು ಕಟ್ಟಿದರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಕಡ್ಡಿ ಹಾಕಿ ಬಿಡಿಸಿ. ಗೋಕರ್ಣಕ್ಕೋ ಗೋವಾಕ್ಕೋ ಹೋಗಿ ಬಂದ ಮೇಲೆ ಗಾಡಿಯ ಅಡಿಭಾಗವನ್ನು ಸಿಹಿನೀರಿನಿಂದ ಜೋರಾಗಿ ತೊಳೆಸಿ. ಉಪ್ಪು ಅಲ್ಲೇ ಉಳಿದರೆ ತುಕ್ಕು ಬೇಗ ಹತ್ತುತ್ತದೆ.

ಪೆಟ್ರೋಲ್ ವಾಸನೆ ಬಂದರೆ

ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಹಳೆ ಕಾರುಗಳ ರಬ್ಬರು ಪೈಪು, ಸೀಲುಗಳನ್ನು ಅದಕ್ಕೆಂದು ಮಾಡಿಲ್ಲ. ಅವು ನಿಧಾನಕ್ಕೆ ಗಟ್ಟಿಯಾಗುತ್ತವೆ ಅಥವಾ ಉಬ್ಬುತ್ತವೆ. ಮೈಲೇಜೂ ಸ್ವಲ್ಪ ಇಳಿಯುತ್ತದೆ. ಎಥೆನಾಲ್ ಬಗ್ಗೆ ನೀತಿ ಆಯೋಗ 2021ರಲ್ಲಿ ತಂದ ವರದಿಯಲ್ಲೇ ಹಳೆ ವಿನ್ಯಾಸದ ಕಾರುಗಳಿಗೆ ಶೇ 6–7ರಷ್ಟು ಇಳಿಯಬಹುದು ಎಂಬ ಅಂದಾಜಿತ್ತು. ನಾನು ಕಳೆದ ವರ್ಷ ಎಂಜಿನ್ ಹತ್ತಿರದ ಪೆಟ್ರೋಲ್ ಹೋಸ್ ಮತ್ತು ಕ್ಲಿಪ್ಪುಗಳನ್ನೆಲ್ಲ ಬದಲಿಸಿದೆ. ಸಾವಿರ ರೂಪಾಯಿಯ ಒಳಗೆ ಆಯಿತು. ಬೆಳಿಗ್ಗೆ ಬಾಗಿಲು ತೆಗೆದಾಗ ಪೆಟ್ರೋಲ್ ವಾಸನೆ ಬಂದರೆ ಸೆಲ್ಫ್ ಹೊಡೆಯಬೇಡಿ. ಮಿಸ್ತ್ರಿಯನ್ನೇ ಮನೆಗೆ ಕರೆಸಿ. ಗಾಡಿ ಬಹಳ ದಿನ ನಿಲ್ಲುವುದಿದ್ದರೆ ಟ್ಯಾಂಕಿನಲ್ಲಿ ಹಳೆ ಪೆಟ್ರೋಲ್ ತಿಂಗಳುಗಟ್ಟಲೆ ಬಿಡಬೇಡಿ.

ಮಿಸ್ತ್ರಿಯನ್ನು ಹುಡುಕುವುದು

ಇದು ಬೇಗ ಆಗುವ ಕೆಲಸ ಅಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಉದ್ದಕ್ಕೂ ಗ್ಯಾರೇಜುಗಳಿವೆ, ಬಿಡಿಭಾಗದ ಅಂಗಡಿಗಳಿವೆ. ಗೊತ್ತಿಲ್ಲದ ಗ್ಯಾರೇಜಿಗೆ ಮೊದಲು ಸಣ್ಣ ಕೆಲಸ ಕೊಟ್ಟು ನೋಡಿ. ಆಯಿಲ್ ಬದಲಾವಣೆ, ಪ್ಲಗ್ ತೊಳೆಯುವುದು, ಅಷ್ಟೇ. ಅವರು ನಿಮ್ಮನ್ನು ಪಕ್ಕದಲ್ಲಿ ನಿಲ್ಲಲು ಬಿಡುತ್ತಾರಾ, ತೆಗೆದ ಹಳೆ ಸಾಮಾನನ್ನು ತೋರಿಸುತ್ತಾರಾ, ಬೇಡದ ಕೆಲಸವನ್ನು ಬೇಡ ಅನ್ನುತ್ತಾರಾ ಅಂತ ಗಮನಿಸಿ. ನನ್ನ ಈಗಿನ ಮಿಸ್ತ್ರಿ ನನಗೆ ಹೇಳಿದ ಮೊದಲ ಮಾತು ಇದು: "ಕ್ಲಚ್ ಇನ್ನೂ ವರ್ಷ ಬರತೈತ್ರಿ ಸರ್, ಈಗ ಯಾಕ ರೊಕ್ಕ ಹಾಕ್ತೀರಿ?" ಅದಕ್ಕೂ ಮೊದಲು ಬೇರೊಂದು ಗ್ಯಾರೇಜಿನಲ್ಲಿ ನನಗೆ ಅದೇ ಕ್ಲಚ್ಚಿಗೆ ಐದೂವರೆ ಸಾವಿರದ ಅಂದಾಜು ಕೊಟ್ಟಿದ್ದರು. ಆ ಕ್ಲಚ್ ಇನ್ನೂ ಒಂದೂವರೆ ವರ್ಷ ಓಡಿತು.

ಬಿಡಿಭಾಗಗಳಲ್ಲಿ ಮೂರು ತರ: ಕಂಪನಿಯದು, ಒಳ್ಳೆ ಹೆಸರಿನ ಬೇರೆ ಕಂಪನಿಯದು, ಲೋಕಲ್ ಮಾಲು. ಬ್ರೇಕು, ಬೆಲ್ಟು, ಬೇರಿಂಗು, ಸ್ಟೀರಿಂಗಿನ ಸಾಮಾನು, ರಬ್ಬರು ಪೈಪು ಇವುಗಳಲ್ಲಿ ಲೋಕಲ್ ಮಾಲು ಮುಟ್ಟಬೇಡಿ. ಗುಜರಿ ಅಂಗಡಿಯನ್ನು ಮರೆಯಲೂ ಬೇಡಿ. ಬಾಗಿಲ ಹಿಡಿಕೆ, ಗಾಜು, ಕನ್ನಡಿ, ಹೆಡ್‌ಲೈಟ್, ಸೀಟು ಅಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಹಳೆ ಮಾಡೆಲ್‌ಗಳಿಗೆ ಕೆಲವು ಸಾಮಾನು ಅಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದು. ಯಾವ ಕಾರು ಕೊಳ್ಳಬೇಕು ಅಂತ ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ನಿಮ್ಮ ಓಣಿಯಲ್ಲಿ ಯಾವ ಮಾಡೆಲ್ ಜಾಸ್ತಿ ಇದೆಯೋ ಅದನ್ನೇ ಕೊಳ್ಳಿ. ಅದರ ಸಾಮಾನು ಹಾವೇರಿಯಲ್ಲೂ ಸಿಗುತ್ತದೆ, ಬ್ಯಾಡಗಿಯಲ್ಲೂ ಸಿಗುತ್ತದೆ.

ವಹಿಯ ಲೆಕ್ಕ

ಪ್ರತಿ ಸಾಲಿನಲ್ಲಿ ತಾರೀಖು, ಕಿಲೋಮೀಟರ್, ಏನು ಕೆಲಸ, ಯಾವ ಕಂಪನಿಯ ಸಾಮಾನು, ಎಷ್ಟು ರೂಪಾಯಿ, ಯಾರು ಮಾಡಿದ್ದು. ಕೊನೆಯಲ್ಲಿ ಮುಂದೆ ಯಾವಾಗ ಅಂತ ಬರೆಯಿರಿ. ಈ ಕೊನೆಯದು ಬಹಳ ಬೆಲೆಯುಳ್ಳದ್ದು.

ನನ್ನ 2024ರ ಪುಟದಲ್ಲಿ ಹೀಗಿದೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ 4,030. ಎರಡು ಸಲ ಆಯಿಲ್ ಸರ್ವಿಸ್ 4,400. ಬ್ಯಾಟರಿ 4,200. ಬ್ರೇಕ್ ಪ್ಯಾಡ್ 1,900. ಎರಡೂ ಬದಿಯ ಲೋವರ್ ಆರ್ಮ್ 3,400. ಎಸಿ ಪೈಪು ಮತ್ತು ಗ್ಯಾಸ್ 2,800. ಪಂಕ್ಚರ್, ಬಲ್ಬು, ಸಣ್ಣಪುಟ್ಟದ್ದು 600. ಒಟ್ಟು 21,330 ರೂಪಾಯಿ. ತಿಂಗಳಿಗೆ 1,780ರ ಹತ್ತಿರ. ಟೈರು ಹಾಕಿಸಿದ ವರ್ಷ ಇದು ಮೂವತ್ತೈದು ಸಾವಿರ ದಾಟಿತ್ತು. ಏನೂ ಬರದ ವರ್ಷ ಹನ್ನೆರಡು ಸಾವಿರಕ್ಕೆ ಮುಗಿದಿತ್ತು. ಅದಕ್ಕೇ ನಾನು ಪ್ರತಿ ತಿಂಗಳು ಎರಡು ಸಾವಿರ ರೂಪಾಯಿಯನ್ನು ಬೇರೆ ಖಾತೆಗೆ ಹಾಕುತ್ತೇನೆ. ಗಾಡಿ ಚೆನ್ನಾಗಿ ಓಡುತ್ತಿದ್ದ ತಿಂಗಳೂ ಹಾಕುತ್ತೇನೆ. ಐದು ಲಕ್ಷದ ಸಾಲ ಮಾಡಿ ಹೊಸ ಕಾರು ಕೊಂಡಿದ್ದರೆ ಶೇ 9ರ ಬಡ್ಡಿಯಲ್ಲಿ ಐದು ವರ್ಷ ತಿಂಗಳಿಗೆ 10,380 ಕಟ್ಟಬೇಕಾಗಿತ್ತು.

ಆದರೆ ಈ ಲೆಕ್ಕಕ್ಕೆ ಸಿಗದ ಒಂದು ವಿಷಯ ಇದೆ. ನನ್ನ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಕಟ್ಟಳೆ ಇದೆ. ಎಂಬತ್ತರ ಮೇಲೆ ಓಡಿಸುವುದಿಲ್ಲ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು. ರಾತ್ರಿ ಹೈವೇಗೆ ಹೋಗುವುದಿಲ್ಲ, ಬೈಪಾಸಿನಲ್ಲಿ ಓವರ್‌ಟೇಕ್ ಮಾಡುವುದಿಲ್ಲ. ವಾರಕ್ಕೆ ಎರಡು ಸಲ ಬೆಂಗಳೂರಿಗೆ ಹೋಗಿ ಬರುವವರಿಗೆ ಇಂಥ ಕಾರು ನಾನು ಹೇಳುವುದಿಲ್ಲ. ಹುಬ್ಬಳ್ಳಿ–ಧಾರವಾಡ ಓಡಾಟ, ಊರಿಗೆ ಹೋಗಿ ಬರುವುದು, ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಇದಕ್ಕೆ ಬೇಕಾದಷ್ಟಾಯಿತು.

ಭಾನುವಾರದ ಹತ್ತು ನಿಮಿಷ

ಎಂಜಿನ್ ತಣ್ಣಗಿರುವಾಗ ಆಯಿಲ್ ಕಡ್ಡಿ ಎಳೆದು ನೋಡಿ. ಕೂಲಂಟ್ ಡಬ್ಬಿಯ ಮಟ್ಟ ನೋಡಿ. ನಿಂತ ಜಾಗದ ನೆಲ ನೋಡಿ. ಕಪ್ಪು ಹನಿ ಎಂಜಿನ್ ಆಯಿಲ್, ಹಸಿರು ಅಥವಾ ಕೆಂಪು ಕೂಲಂಟ್ ಇರಬಹುದು, ಬರೀ ನೀರಾದರೆ ಎಸಿಯದು. ಟೈರಿಗೆ ಗಾಳಿ ತುಂಬಿಸಿ. ಬಾನೆಟ್ ಒಳಗೆ ಇಲಿ ಹಿಕ್ಕೆ ಇದೆಯಾ ನೋಡಿ. ಮಳೆಗಾಲದಲ್ಲಿ ಅವು ಬೆಚ್ಚಗಿನ ಜಾಗ ಹುಡುಕಿ ಬಂದು ವೈರು ಕಡಿಯುತ್ತವೆ.

ಈ ಹತ್ತು ನಿಮಿಷ ನನಗೆ ವಾರದಲ್ಲೇ ಇಷ್ಟವಾದ ಹೊತ್ತು. ಈಗ ಮಗಳೂ ಬಂದು ನಿಲ್ಲುತ್ತಾಳೆ. ಕಳೆದ ವರ್ಷ ಸ್ಟೆಪ್ನಿ ಬದಲಿಸುವುದನ್ನು ಅವಳೇ ಕಲಿತಳು. ಪಾನಾದ ಮೇಲೆ ನಿಂತು ನಟ್ಟು ಸಡಿಲಿಸಿ, ಆಮೇಲೆ ಜಾಕಿ ಏರಿಸಿದಳು. ಖಂಡೆ ಪೂಜೆ ದಿನ ಗಾಡಿಗೆ ಕುಂಕುಮ ಹಚ್ಚುವಾಗ "ಇದರ ಬೆಲ್ಟ್ ಹೋದ ವರ್ಷ ಹಾಕಿಸೇವಿ, ಇನ್ನ ಮೂರು ವರ್ಷ ಚಿಂತಿಲ್ಲ" ಅಂತ ಅವಳು ಅಜ್ಜಿಗೆ ಹೇಳುತ್ತಿದ್ದಳು. ಗಾಡಿಯ ಸದ್ದು ಒಂದು ಚೂರು ಬೇರೆಯಾದರೂ ಈಗ ನಮ್ಮಿಬ್ಬರಿಗೂ ಗೊತ್ತಾಗುತ್ತದೆ. ಹೊಸ ಕಾರಿನಲ್ಲಿ ಈ ಸುಖ ನನಗೆ ಸಿಗುತ್ತಿತ್ತು ಅಂತ ಅನ್ನಿಸುವುದಿಲ್ಲ.

ಬಿಡುವ ಹೊತ್ತು

ಚಾಸಿಗೆ, ಸಸ್ಪೆನ್ಶನ್ ಕೂರುವ ಜಾಗಕ್ಕೆ ತುಕ್ಕು ಹತ್ತಿ ತೂತು ಬಿದ್ದಿದ್ದರೆ ವೆಲ್ಡಿಂಗ್ ಮಾಡಿಸಿ ಓಡಿಸಬೇಡಿ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದು, ಎಂಜಿನ್ ಬೋರ್ ಮಾಡಿಸಬೇಕು, ಅಂದರೆ ಸವೆದ ಸಿಲಿಂಡರ್ ಕೊರೆಸಬೇಕು, ಅಂತಾದರೆ ಗಾಡಿಯ ಬೆಲೆ, ಆ ಕೆಲಸದ ಬೆಲೆ ಎರಡನ್ನೂ ವಹಿಯಲ್ಲಿ ಪಕ್ಕ ಪಕ್ಕ ಬರೆದು ನೋಡಿ. ಗುಜರಿಗೆ ಕೊಡುವುದಾದರೆ ಸರ್ಕಾರದಲ್ಲಿ ನೋಂದಣಿಯಾದ ಸ್ಕ್ರ್ಯಾಪ್ ಕೇಂದ್ರಕ್ಕೇ ಕೊಟ್ಟು ಸರ್ಟಿಫಿಕೇಟ್ ತೆಗೆದುಕೊಳ್ಳಿ. ಆರ್‌ಟಿಒದಲ್ಲಿ ನೋಂದಣಿ ರದ್ದಾದದ್ದನ್ನು ಖಚಿತ ಮಾಡಿಕೊಳ್ಳಿ.

ಮಾರುವುದಾದರೆ ವಹಿಯನ್ನೂ ಕೊಡಿ. ನನಗೆ ಮಾರಿದವರು ಎರಡು ಕೀಲಿ ಮತ್ತು ಆರ್‌ಸಿ ಕೊಟ್ಟಿದ್ದರು, ಅಷ್ಟೇ. ರೇಡಿಯೇಟರಿನಲ್ಲಿ ಏನಿದೆ ಅಂತ ಒಂದು ಸಾಲು ಬರೆದು ಕೊಟ್ಟಿದ್ದರೂ ಅವ್ವ ಆ ಮದುವೆಯ ಅಕ್ಷತೆಗೆ ಸಮಯಕ್ಕೆ ಮುಟ್ಟುತ್ತಿದ್ದಳು. ನನ್ನ ವಹಿಯಲ್ಲಿ ಇನ್ನೂ ನಲವತ್ತು ಪುಟ ಖಾಲಿ ಇವೆ. ಈ ಗಾಡಿಯನ್ನು ಮುಂದೆ ಯಾರು ಕೊಂಡರೂ ಅವರಿಗೆ ಎರಡನೇ ಕೀಲಿಯ ಜೊತೆ ಅದೂ ಸಿಗುತ್ತದೆ.